ಎಡಗೆನ್ನೆ

ಗದ್ದದ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅವರದು ಫೋಟೋ ಸ್ಟುಡಿಯೋ. ಕ್ಯಾಮೆರಾದ ಹಿಂದಿನ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿಕೊಂಡು, "ಗದ್ದ ಸ್ವಲ್ಪ ಮೇಲೆ. ಅಷ್ಟು ಬೇಡ, ಆಕಾಶದಲ್ಲಿ ಏನಿದೆ? ಹಾಂ, ಈಗ ಚೂರು ಎಡಕ್ಕೆ" ಎಂದು ಹೇಳಿ ಹೇಳಿಯೇ ಈ ಹೆಸರು ಅಂಟಿಕೊಂಡಿತ್ತು. ಬೀದಿಯ ಹುಡುಗರು ಅವರು ಎದುರಾದರೆ ಗದ್ದ ಎತ್ತಿ ಸೆಟೆದು ನಿಲ್ಲುತ್ತಿದ್ದರು. ಅವರೂ ನಕ್ಕು, ಒಂದು ಬೆರಳಿನಿಂದ ಆ ಗದ್ದಗಳನ್ನು ಸರಿಮಾಡಿ ಮುಂದೆ ಹೋಗುತ್ತಿದ್ದರು.

ಮುಖ ಅಳೆಯುವುದರಲ್ಲಿ ಅವರು ಗಟ್ಟಿಗರು. ಗದ್ದದ ಕೆಳಗೆ ಇನ್ನೊಂದು ಗದ್ದ ಇದ್ದವರಿಗೆ ಕತ್ತು ಮುಂದಕ್ಕೆ ಚಾಚಲು ಹೇಳಿ ಕ್ಯಾಮೆರಾವನ್ನು ಮೇಲಕ್ಕೆ ಏರಿಸುವರು. ಮೂಗು ಉದ್ದವಿದ್ದವರನ್ನು ನೇರ ಕೂರಿಸುವರು. ಅಗಲ ಮುಖದವರನ್ನು ಓರೆಯಾಗಿ ತಿರುಗಿಸಿ ಒಂದು ಕೆನ್ನೆಯನ್ನು ನೆರಳಿಗೆ ತಳ್ಳುವರು. ಆಮೇಲೂ ಏನಾದರೂ ಉಳಿದರೆ ಪೆನ್ಸಿಲ್ ಇತ್ತು. ನೆಗೆಟಿವನ್ನು ಗಾಜಿನ ಮೇಲಿಟ್ಟು, ಕೆಳಗಿನಿಂದ ದೀಪ ಹಾಕಿ, ಸೂಜಿಯಂತೆ ಚೂಪು ಮಾಡಿದ ಮೊನೆಯಿಂದ ಸುಕ್ಕು, ಕಲೆ, ಕಣ್ಣಿನ ಕೆಳಗಿನ ಗುಳಿ ಎಲ್ಲವನ್ನೂ ಮೆಲ್ಲಗೆ ತುಂಬಿಬಿಡುವರು. ಫೋಟೋ ಕೈಗೆ ಬಂದಾಗ ಜನ ತಮ್ಮನ್ನು ತಾವೇ ನೋಡಿ ನಾಚುತ್ತಿದ್ದರು. ಗಂಡು ನೋಡುವವರು, ಹೆಣ್ಣು ನೋಡುವವರು, ಕೆಲಸಕ್ಕೆ ಅರ್ಜಿ ಹಾಕುವವರು, ಎಲ್ಲರೂ ಅವರಲ್ಲಿಗೇ ಬರುತ್ತಿದ್ದರು.

ಹೆಂಡತಿಯ ಮುಖಕ್ಕೆ ಮಾತ್ರ ಇದ್ಯಾವುದೂ ಬೇಕಿರಲಿಲ್ಲ. ಮದುವೆಗೆ ಮುಂಚೆ ಆಕೆ ಅಪ್ಪನನ್ನು ಕರೆದುಕೊಂಡು ತನ್ನ ಫೋಟೋ ತೆಗೆಸಿಕೊಳ್ಳಲು ಬಂದಿದ್ದಳು. ಮೇಷ್ಟ್ರು ಎಡಕ್ಕೆ ತಿರುಗಿಸಿ ನೋಡಿದರು, ಬಲಕ್ಕೆ ತಿರುಗಿಸಿ ನೋಡಿದರು, ಕೊನೆಗೆ ಕಪ್ಪು ಬಟ್ಟೆಯಿಂದ ತಲೆ ಹೊರಗೆ ಹಾಕಿ, "ನೀವು ಹೇಗೆ ಬೇಕಾದ್ರೂ ಕೂತ್ಕೊಳ್ಳಿ" ಎಂದುಬಿಟ್ಟರು. ಈ ಹುಡುಗನಿಗೆ ಕೆಲಸವೇ ಬರುವುದಿಲ್ಲವೇನೋ ಎಂದು ಆಕೆಯ ಅಪ್ಪನಿಗೆ ಅನುಮಾನ ಬಂದಿತ್ತಂತೆ. ಆ ಫೋಟೋ ಸ್ಟುಡಿಯೋದ ಗಾಜಿನ ಬೀರುವಿನಲ್ಲಿ, ಬೀದಿಗೆ ಮುಖ ಮಾಡಿ, ಎರಡು ಹೆಣ್ಣುಮಕ್ಕಳು ಹುಟ್ಟಿ ಬೆಳೆದ ಮೇಲೂ ಇತ್ತು. ಹಿರಿಮಗಳ ಮದುವೆಯಾಯಿತು. ಅವಳ ಗಂಡ ಹಡಗಿನಲ್ಲಿ ಕೆಲಸಕ್ಕಿದ್ದ. ವರ್ಷದ ಬಹುಪಾಲು ನೀರಿನ ಮೇಲೇ. ಹಾಗಾಗಿ ಅವಳು ಕೂಸನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಕೂಸು ಇನ್ನೂ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಿದ್ದಾಗಲೇ ಅಜ್ಜಿಯ ಎಡ ದವಡೆಯಲ್ಲಿ ಗಂಟು ಕಾಣಿಸಿಕೊಂಡಿದ್ದು.

ಆಸ್ಪತ್ರೆಯವರು ದವಡೆಯ ಮೂಳೆಯನ್ನೇ ಕತ್ತರಿಸಿ ತೆಗೆದರು. ಆಕೆ ಮನೆಗೆ ಬಂದಾಗ ಎಡಗೆನ್ನೆ ಒಳಕ್ಕೆ ಕುಸಿದಿತ್ತು. ತುಟಿಯ ಆ ತುದಿ ಕೆಳಕ್ಕೆ ಜಗ್ಗಿಕೊಂಡಿತ್ತು. ಅಲ್ಲಿಂದ ಜೊಲ್ಲು ಸುರಿಯುತ್ತಿತ್ತು, ಸದಾ ಕೈಯಲ್ಲೊಂದು ಕರವಸ್ತ್ರ ಬೇಕು. ತುಟಿ ಸೇರಿಸಿ ಆಡುವ ಮಾತುಗಳು ಕಳಚಿ ಬೀಳುತ್ತಿದ್ದವು. ಮನೆಯವರಿಗೆ ಅದು ಬೇಗ ರೂಢಿಯಾಯಿತು. ಕೂಸಿಗಂತೂ ರೂಢಿಯಾಗಬೇಕಾದ್ದೇ ಇರಲಿಲ್ಲ. ಗುಬ್ಬಿ ಎಂದು ಕರೆಯುತ್ತಿದ್ದ ಆ ಹುಡುಗಿಗೆ ತಿಳಿವಳಿಕೆ ಬಂದಾಗಿನಿಂದ ಅಜ್ಜಿಯೆಂದರೆ ಈ ಅಜ್ಜಿಯೇ. ಮಲಗುವಾಗ ಅಜ್ಜಿಯ ಪಕ್ಕ ಸೇರಿಕೊಂಡು, ಮುಷ್ಟಿ ಕಟ್ಟಿ, ಆ ತಗ್ಗಿನೊಳಗೆ ಇಟ್ಟು ನಿದ್ದೆ ಮಾಡುತ್ತಿದ್ದಳು. "ನನ್ನ ಕೈ ಇಡೋಕೆ ಮಾಡಿರೋ ಜಾಗ" ಎಂದು ಎಲ್ಲರಿಗೂ ಹೇಳುತ್ತಿದ್ದಳು.

ಮನೆ ಸ್ಟುಡಿಯೋದ ಮೇಲೆಯೇ ಇತ್ತು. ಅಡುಗೆಮನೆಗೆ ಅಂಟಿದಂತೆ ಊಟದ ಮೇಜು. ಮದುವೆಯಾದ ಲಾಗಾಯ್ತು ಹೆಂಡತಿ ಮೇಷ್ಟ್ರ ಬಲಗಡೆಗೆ ಕೂರುತ್ತಿದ್ದಳು. ಅಲ್ಲಿ ಕೂತರೆ ಅವರಿಗೆ ಕಾಣುವುದು ಆಕೆಯ ಎಡಗೆನ್ನೆ. ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ ಮೇಷ್ಟ್ರು ತಟ್ಟೆ ಎತ್ತಿಕೊಂಡು ಆಕೆಯ ಆಚೆ ಬದಿಗೆ ಹೋಗಿ ಕೂತರು.

"ಅಲ್ಯಾಕೆ ಕೂತ್ರಿ?" ಎಂದಳು ಹೆಂಡತಿ.

"ಇಲ್ಲಿ ಗಾಳಿ ಬರುತ್ತೆ."

ಆಕೆ ಮುಚ್ಚಿದ ಕಿಟಕಿಯ ಕಡೆ ಒಮ್ಮೆ ನೋಡಿ, ನುಣ್ಣಗೆ ಅರೆದ ತರಕಾರಿಯನ್ನು ಚಮಚದಲ್ಲಿ ಎತ್ತಿಕೊಂಡಳು. ಹಿರಿಮಗಳು ಅಪ್ಪನನ್ನು ದುರುಗುಟ್ಟಿ ನೋಡಿದಳು. ಮಾರನೆಯ ದಿನದಿಂದ ಅದೇ ಅವರ ಜಾಗವಾಯಿತು. ಬೀದಿಯಲ್ಲಿ ನಡೆಯುವಾಗಲೂ ಬಲಗಡೆಗೇ, ಮಲಗುವಾಗಲೂ ಬಲಗಡೆಗೇ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಅವರಿಗೆ ಕಂಡದ್ದು ಇಷ್ಟೇ: ಆ ಕಡೆಯಿಂದ ನೋಡಿದರೆ ಆಕೆಗೆ ಏನೂ ಆಗಿಲ್ಲ.

ಹೀಗಿರುವಾಗ ಕಿರಿಮಗಳಿಗೆ ಗಂಡು ಕೂಡಿ ಬಂತು. ಅವಳು ಒಂದು ಕಚೇರಿಯಲ್ಲಿ ಟೈಪಿಸ್ಟು. ಹುಡುಗ ಬಟ್ಟೆ ಅಂಗಡಿಯವರ ಮಗ. ಆ ಅಂಗಡಿಯಲ್ಲೇ ಇಬ್ಬರಿಗೂ ಪರಿಚಯವಾಗಿತ್ತು. ಹುಡುಗನ ಮನೆಯವರು ಬರುತ್ತಾರೆಂದು ಗೊತ್ತಾದ ಕೂಡಲೇ ಮೇಷ್ಟ್ರ ಅಕ್ಕ ಹಿಂದಿನ ಬೀದಿಯಿಂದ ಓಡಿ ಬಂದಳು. ಆಕೆಗೆ ಎಲ್ಲದರಲ್ಲೂ ಮೂಗು ತೂರಿಸುವ ಚಾಳಿ. ಮನಸ್ಸಿನಲ್ಲಿದ್ದದ್ದು ನಾಲಿಗೆಗೆ ಬರಲು ತಡವಾಗುತ್ತಿರಲಿಲ್ಲ.

"ತಮ್ಮಾ, ನಾನು ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡ. ಅವತ್ತೊಂದು ದಿನ ಇವಳು ಒಳಗೇ ಇರಲಿ. ಮೈ ಸರಿ ಇಲ್ಲ ಅಂದ್ರಾಯ್ತು. ಸುಳ್ಳೇನೂ ಅಲ್ವಲ್ಲ."

"ಅತ್ತೇ, ಅಮ್ಮ ಪಕ್ಕದ ಕೋಣೇಲೇ ಇದ್ದಾಳೆ" ಎಂದಳು ಹಿರಿಮಗಳು ಹಲ್ಲು ಕಚ್ಚಿ.

"ಇರಲಿ ಬಿಡೇ. ಅವಳ ಒಳ್ಳೇದಕ್ಕೇ ಹೇಳ್ತಿರೋದು. ನಾಲ್ಕು ಜನರ ಮುಂದೆ ಬಟ್ಟಲು ಎತ್ತಿ ಕುಡಿಯೋದು ಅವಳಿಗೂ ಕಷ್ಟ ತಾನೆ?"

ಕಿರಿಮಗಳು ನೆಲ ನೋಡುತ್ತಾ, "ಅತ್ತೆ ಹೇಳೋದ್ರಲ್ಲಿ ತಪ್ಪೇನಿದೆ?" ಎಂದಳು. "ಮೊದಲನೇ ಸಲ ಬರ್ತಿದ್ದಾರೆ. ಅವರ ಮನೇಲಿ ನಾನಿನ್ನೂ ಹೇಳಿಲ್ಲ."

"ಏನು ಹೇಳಿಲ್ಲ? ನಿನಗೆ ಅಮ್ಮ ಇದ್ದಾಳೆ ಅಂತಾನಾ?"

"ಅಕ್ಕಾ, ನೀನು ಸುಮ್ನಿರು. ನಿನ್ನ ಮದುವೆ ಆದಾಗ ಅಮ್ಮ ಚೆನ್ನಾಗಿದ್ಳು. ನಿನಗೇನು ಗೊತ್ತು?"

ಹಿರಿಮಗಳ ಕೈಯಲ್ಲಿದ್ದ ಪಾತ್ರೆ ಧಡ್ಡನೆ ಮೇಜಿನ ಮೇಲೆ ಕೂತಿತು. ಇಬ್ಬರೂ ಅಪ್ಪನ ಮುಖ ನೋಡಿದರು. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. ಒರೆಸಿ ಒರೆಸಿ ಮತ್ತೆ ಹಾಕಿಕೊಂಡು, "ಕೆಳಗೆ ಯಾರೋ ಬಂದ ಹಾಗಿದೆ" ಎಂದು ಮೆಟ್ಟಿಲಿಳಿದು ಹೋದರು. ಕೆಳಗೆ ಯಾರೂ ಬಂದಿರಲಿಲ್ಲ.

ಹುಡುಗನ ಕಡೆಯವರು ಬಂದ ದಿನ ಹೆಂಡತಿ ತನ್ನ ಒಳ್ಳೆಯ ಬಟ್ಟೆ ಹಾಕಿಕೊಂಡು, ಕೂದಲು ಬಾಚಿಕೊಂಡು, ಯಾರನ್ನೂ ಕೇಳದೆ ಹೊರಗೆ ಬಂದು ಕೂತಳು. ಮೇಷ್ಟ್ರ ಅಕ್ಕನ ಮುಖ ಹುಳ್ಳಗಾಯಿತು. ಚಹಾ ಬಂತು. ಆಕೆ ಬಟ್ಟಲು ಎತ್ತಿದಾಗ ತುಟಿಯ ತುದಿಯಿಂದ ಚಹಾ ಇಳಿದು ಎದೆಯ ಮೇಲೆ ಕಲೆಯಾಯಿತು. ಹುಡುಗನ ತಾಯಿ ಎದ್ದು ಬಂದು, ತನ್ನ ಕರವಸ್ತ್ರವನ್ನು ಆಕೆಯ ಕೈಗಿಟ್ಟು, ಪಕ್ಕದಲ್ಲೇ ಕೂತು, "ನಮ್ಮೆಜಮಾನರು ಹಲ್ಲಿನ ಸೆಟ್ಟು ಹಾಕಿಸಿಕೊಂಡಾಗ ಮೂರು ತಿಂಗಳು ಹೀಗೇ. ಅವರ ಅಂಗಿ ಒಗೆದೂ ಒಗೆದೂ ನನ್ನ ಕೈ ಸೋತುಹೋಯ್ತು" ಎಂದಳು. ಮೇಷ್ಟ್ರ ಹೆಂಡತಿ ನಕ್ಕಳು. ಎಡಗಡೆ ನಗು ಬರುತ್ತಿರಲಿಲ್ಲ. ಬಲಗಡೆಯೇ ಎರಡೂ ಕೆನ್ನೆಗಳ ಪಾಲಿನ ನಗು ನಕ್ಕಂತೆ ಕಂಡಿತು. ಆವತ್ತೇ ಮದುವೆ ಗೊತ್ತಾಯಿತು. ಅವರೆಲ್ಲ ಹೋದ ಮೇಲೆ ಕಿರಿಮಗಳು ಬಚ್ಚಲು ಸೇರಿ ಬಾಗಿಲು ಹಾಕಿಕೊಂಡು ಅತ್ತಳು. ತಾಯಿ ಹೊರಗೆ ನಿಂತು, "ಬಾರೇ, ನೀರು ಆರಿಹೋಗುತ್ತೆ, ಮುಖ ತೊಳ್ಕೋ" ಎಂದು ಕರೆದಳು. ಆ ವಿಷಯ ಮತ್ತೆ ಎತ್ತಲಿಲ್ಲ.

ಮದುವೆಯಲ್ಲಿ ಫೋಟೋ ತೆಗೆದದ್ದು ಮೇಷ್ಟ್ರೇ. ಸ್ವಂತ ಮಗಳ ಮದುವೆ, ಬೇರೆಯವರ ಕೈಗೆ ಕೊಡುವ ಮಾತೇ ಇರಲಿಲ್ಲ. ಎರಡೂ ಮನೆಯವರನ್ನು ಸಾಲಾಗಿ ನಿಲ್ಲಿಸಿದರು. ಹೆಂಡತಿ ಮಗಳ ಪಕ್ಕಕ್ಕೆ ಬಂದು ನಿಂತಳು. ಮೇಷ್ಟ್ರು ಕ್ಯಾಮೆರಾದೊಳಗೆ ನೋಡಿದರು, ಹೊರಬಂದರು, "ನೀನು ಹಿಂದಿನ ಸಾಲಿಗೆ ಹೋಗು" ಎಂದರು. "ಇನ್ನೂ ಸ್ವಲ್ಪ ಆಚೆ. ಮಾವನವರೇ, ನೀವು ಒಂದು ಹೆಜ್ಜೆ ಮುಂದೆ. ಹಾಂ, ಹಾಗೇ." ಹುಡುಗನ ಸೋದರಮಾವ ಕಂಬದಂಥ ಆಳು. ಅವನ ಭುಜ ಆಕೆಯ ಮುಖದ ಎಡ ಅರ್ಧವನ್ನು ಹಿತವಾಗಿ ಮುಚ್ಚಿಕೊಂಡಿತು.

ಫೋಟೋಗಳು ತಯಾರಾಗಿ ಬಂದ ದಿನ ಊಟದ ಮೇಜಿನ ಮೇಲೆ ಅವುಗಳನ್ನು ಹರಡಿಕೊಂಡರು. ಎಲ್ಲರೂ ಚೆಂದ ಬಂದಿದ್ದರು. ಕಿರಿಮಗಳಂತೂ ಚಿತ್ರಕ್ಕೆ ಕೂತ ರಾಣಿ. ಹೆಂಡತಿ ಗುಂಪಿನ ಫೋಟೋವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಗುಬ್ಬೀ, ಇದರಲ್ಲಿ ಅಜ್ಜಿ ಎಲ್ಲಿದ್ದಾಳೆ ಹೇಳು."

ಗುಬ್ಬಿ ಬೆರಳಿಟ್ಟು ಹುಡುಕಿದಳು. "ಇಲ್ಲ."

"ಇದೀನಿ ನೋಡು. ಈ ಮಾಮನ ಹೆಗಲ ಮೇಲೆ ಕೂತ್ಕೊಂಡಿದೀನಿ, ಗಿಣಿ ಹಾಗೆ."

ಹಿರಿಮಗಳು ನಗಲಿಲ್ಲ. ಮೇಷ್ಟ್ರು, "ಎಲ್ಲರನ್ನೂ ಹಿಡಿಸಬೇಕಿತ್ತು. ಜಾಗ ಸಾಲಲಿಲ್ಲ" ಎಂದರು.

"ಹೌದು, ಹೌದು." ಆಕೆ ಫೋಟೋ ಕೆಳಗಿಟ್ಟು ತುಟಿ ಒರೆಸಿಕೊಂಡಳು. "ರೀ, ನನ್ನದೊಂದು ಫೋಟೋ ತೆಗೀರಿ. ನನ್ನೊಬ್ಬಳದ್ದೇ. ನೇರವಾಗಿ. ಇರೋ ಹಾಗೆ."

"ಈಗ್ಯಾಕೆ?"

"ಮದುವೆಗೆ ಮುಂಚೆ ಒಂದು ತೆಗೆದ್ರಿ, ಮಕ್ಕಳು ಹುಟ್ಟಿದಾಗ ತೆಗೆದ್ರಿ. ಇದಾದ ಮೇಲೆ ಒಂದೂ ಇಲ್ಲ. ಇದೂ ನಾನೇ ಅಲ್ವಾ?"

"ಆಯ್ತು. ಸ್ವಲ್ಪ ಚೇತರಿಸ್ಕೋ. ಮೈ ತುಂಬ್ಕೊಳ್ಳಲಿ."

"ಕೆನ್ನೆ ತುಂಬ್ಕೊಳ್ಳುತ್ತಾ?"

ಮೇಷ್ಟ್ರು ಹರಡಿದ್ದ ಫೋಟೋಗಳನ್ನು ಒಟ್ಟುಮಾಡಿ ಎತ್ತಿಟ್ಟರು. ಆಮೇಲಿನ ವಾರಗಳಲ್ಲಿ ಆಕೆ ಕೇಳಿದಾಗಲೆಲ್ಲ ಅವರ ಬಳಿ ಒಂದು ನೆಪ ಇರುತ್ತಿತ್ತು. ಒಮ್ಮೆ ಫಿಲಂ ಮುಗಿದಿದೆ, ಒಮ್ಮೆ ದೊಡ್ಡ ದೀಪ ಕೆಟ್ಟಿದೆ, ಒಮ್ಮೆ ಮದುವೆಗಳ ಕಾಲ, ಪುರುಸೊತ್ತಿಲ್ಲ. ಹಿರಿಮಗಳಿಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಅಪ್ಪನಿಗೆ ಊಟ ಬಡಿಸುತ್ತಲೇ ಜಗಳಕ್ಕೆ ನಿಂತಳು.

"ನಿನ್ನೆ ಆ ಗಿರಾಕಿಗೆ ತೆಗೆದ್ಯಲ್ಲ, ಅವಾಗ ದೀಪ ಕೆಟ್ಟಿರ್ಲಿಲ್ವಾ ಅಪ್ಪಾ?"

"ನಿನಗೆ ತಿಳಿಯೋದಿಲ್ಲ, ಸುಮ್ನಿರು."

"ಏನು ತಿಳಿಯಲ್ಲ? ದಿನಾ ಎರಡು ಹೊತ್ತು ಅವಳ ಬಾಯಿ ತೊಳೆಯೋಳು ನಾನು. ನೀನು ಒಂದು ದಿನವಾದ್ರೂ ಎದುರಿಗೆ ನಿಂತು ನೋಡಿದ್ದೀಯಾ?"

"ನಾನು ನೋಡಿದ ಮುಖ ನಂಗೆ ನೆನಪಿದೆ. ಅದು ಸಾಕು."

"ನಿಂಗೆ ಸಾಕು."

ಮೇಷ್ಟ್ರು ಅರ್ಧ ಊಟಕ್ಕೇ ಕೈ ತೊಳೆದು ಎದ್ದರು. ಕೋಣೆಯೊಳಗಿಂದ ಹೆಂಡತಿ, "ಯಾಕೆ ಊಟದ ಹೊತ್ತಲ್ಲಿ ಅವರನ್ನ ಗೋಳು ಹೊಯ್ಕೋತೀಯ?" ಎಂದು ಮಗಳನ್ನೇ ಗದರಿದಳು.

ಅಂತೂ ಒಂದು ಬೆಳಿಗ್ಗೆ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಆಕೆ ತಾನೇ ಮೆಟ್ಟಿಲಿಳಿದು ಸ್ಟುಡಿಯೋಕ್ಕೆ ಬಂದು ಕುರ್ಚಿಯಲ್ಲಿ ಕೂತುಬಿಟ್ಟಳು. ಮೈ ಬಹಳ ಇಳಿದಿತ್ತು. ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಮೇಷ್ಟ್ರು ದೀಪ ಹಾಕಿದರು. ಕಪ್ಪು ಬಟ್ಟೆಯೊಳಗೆ ತಲೆ ಹಾಕಿದರು. ಕ್ಯಾಮೆರಾದ ಹಿಂಬದಿಯ ಗಾಜಿನ ಮೇಲೆ ಆಕೆಯ ಮುಖ ತಲೆಕೆಳಗಾಗಿ ಬಂದು ನಿಂತಿತು, ನೇರವಾಗಿ, ಅವರನ್ನೇ ನೋಡುತ್ತಾ. ಅವರು ಹೊರಬಂದು ಆಕೆಯ ಗದ್ದಕ್ಕೆ ಬೆರಳಿಟ್ಟು ಎಡಕ್ಕೆ ತಿರುಗಿಸಿದರು.

ಆಕೆ ಮುಖವನ್ನು ಮತ್ತೆ ನೇರ ಮಾಡಿಕೊಂಡಳು. "ಹೀಗೆ."

"ಬೆಳಕು ಸರಿ ಬೀಳಲ್ಲ." ಮತ್ತೆ ತಿರುಗಿಸಿದರು.

"ಬೆಳಕನ್ನ ತಿರುಗಿಸಿ. ನನ್ನನ್ಯಾಕೆ?"

"ನಾನು ಮಾಡೋ ಕೆಲಸ ನಂಗೆ ಹೇಳ್ಕೊಡ್ತೀಯಾ?" ಮೇಷ್ಟ್ರ ದನಿ ಏರಿತು. ಅಷ್ಟು ಜೋರಾಗಿ ಅವರು ಹೆಂಡತಿಯ ಮೇಲೆ ಯಾವತ್ತೂ ಕೂಗಿದವರಲ್ಲ. ಏರಿದ ದನಿ ಅವರಿಗೇ ಕೇಳಿಸಿತು. ಆಕೆ ಅವರನ್ನು ಒಂದು ಗಳಿಗೆ ನೋಡಿದಳು. ಕೂತಿದ್ದರಿಂದಲೇ ಆಯಾಸವಾಗಿತ್ತೋ ಏನೋ, ಮತ್ತೆ ಎದುರಾಡಲಿಲ್ಲ. ಅವರು ತಿರುಗಿಸಿದ ಕಡೆ ಮುಖ ಇಟ್ಟುಕೊಂಡು, ಕರವಸ್ತ್ರವನ್ನು ಮಡಿಲಲ್ಲಿ ಅಡಗಿಸಿ, ಉಸಿರು ಹಿಡಿದಳು. ಮೇಷ್ಟ್ರು ಕ್ಲಿಕ್ಕಿಸಿದರು.

ಆ ನೆಗೆಟಿವಿನ ಮೇಲೆ ಅವರು ಬೇರೆ ಯಾರ ಮುಖಕ್ಕೂ ಪಡದಷ್ಟು ಶ್ರಮಪಟ್ಟರು. ಎಡದಂಚಿನಲ್ಲಿ ಕಂಡ ಚೂರು ತಗ್ಗನ್ನೂ ತುಂಬಿದರು, ತುಟಿಯ ತುದಿಯನ್ನು ಎತ್ತಿದರು, ಕಣ್ಣಿನ ಕೆಳಗಿನ ಕಪ್ಪನ್ನು ಅಳಿಸಿದರು. ಪ್ರಿಂಟು ಹಾಕಿ, ಒಣಗಿಸಿ, ಅಂಚು ಕತ್ತರಿಸಿ, ಮೇಲಕ್ಕೆ ಒಯ್ದು ಕೊಟ್ಟರು. ಮಕ್ಕಳಿಗೆ ಸಿಹಿ ತಂದ ಅಪ್ಪನ ಹಾಗೆ ನಿಂತಿದ್ದರು.

ಆಕೆ ಹಾಸಿಗೆಯ ಮೇಲೆ ಕೂತು ನೋಡಿದಳು.

"ಚೆನ್ನಾಗಿ ಬಂದಿದೆ. ಆಸ್ಪತ್ರೆಗೆ ಸುಮ್ನೆ ಹೋದ್ವಿ ರೀ. ಮೊದಲೇ ನಿಮ್ಮ ಹತ್ರ ಬಂದಿದ್ರೆ ಆಗೋಗ್ತಿತ್ತು."

ಮೇಷ್ಟ್ರು ನಗಲು ನೋಡಿದರು. ಆಕೆ ನಗಲಿಲ್ಲ.

"ಫೋಟೋ ತೆಗೆಯೋ ನೆಪದಲ್ಲಾದ್ರೂ ನೀವು ಒಂದು ಸಲ ನನ್ನನ್ನ ನೋಡ್ತೀರಿ ಅಂತಿದ್ದೆ" ಎಂದಳು. ಅಷ್ಟೇ. ಫೋಟೋವನ್ನು ದಿಂಬಿನ ಪಕ್ಕಕ್ಕಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ಮತ್ತೆ ಯಾವತ್ತೂ ಕೇಳಲಿಲ್ಲ.

ಕಾಯಿಲೆ ಮರುಕಳಿಸಿದ್ದು ಗೊತ್ತಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಈ ಸಲ ಗಂಟು ಕತ್ತಿಗೆ ಇಳಿದಿತ್ತು. ಆಸ್ಪತ್ರೆಯವರು ಮನೆಗೇ ಕರೆದುಕೊಂಡು ಹೋಗಿ ಎಂದರು. ಹಾಗೆಂದರೆ ಏನೆಂದು ಎಲ್ಲರಿಗೂ ಅರ್ಥವಾಯಿತು. ಹಿರಿಮಗಳು ಬೆಳಿಗ್ಗೆ ಸಂಜೆ ಗಾಯ ತೊಳೆದು ಬಟ್ಟೆ ಬದಲಿಸುತ್ತಿದ್ದಳು. ಕಿರಿಮಗಳು ಕಚೇರಿ ಮುಗಿಸಿ ಬಂದು ತಾಯಿಯ ಕಾಲು ಒತ್ತುತ್ತಿದ್ದಳು. ಕಾಲಿನ ಹತ್ತಿರ ಕೂತರೆ ಮುಖ ಅಷ್ಟಾಗಿ ಕಾಣುತ್ತಿರಲಿಲ್ಲ. ಮೇಷ್ಟ್ರ ಅಕ್ಕನೂ ಬರುತ್ತಿದ್ದಳು. ಮೊದಲಿನ ಹಾಗೆ ಮಾತಾಡುತ್ತಿರಲಿಲ್ಲ, ಅಡುಗೆಮನೆಯಲ್ಲಿ ನಿಂತು ಪಾತ್ರೆ ಉಜ್ಜಿಟ್ಟು ಹೋಗುತ್ತಿದ್ದಳು. ಗುಬ್ಬಿಯನ್ನು ಪಕ್ಕದಲ್ಲಿ ಮಲಗಿಸುವುದನ್ನು ಹಿರಿಮಗಳು ನಿಲ್ಲಿಸಲು ಹೋದಾಗ ಆಕೆ ಕೈಸನ್ನೆಯಲ್ಲೇ ಬೇಡವೆಂದಳು. ಆಗ ಮಾತು ಪೂರ್ತಿ ನಿಂತಿತ್ತು.

ಮೇಷ್ಟ್ರು ಬಾಗಿಲಿನಲ್ಲಿ ನಿಂತು, "ಊಟ ಆಯ್ತಾ? ಔಷಧಿ ಕೊಟ್ರಾ?" ಎಂದು ಕೇಳಿ ಕೆಳಗಿಳಿಯುತ್ತಿದ್ದರು. ಗಾಯ ತೊಳೆಯುವ ಹೊತ್ತಿಗಂತೂ ಸ್ಟುಡಿಯೋ ಬಿಟ್ಟು ಏಳುತ್ತಿರಲಿಲ್ಲ. ತೊಳೆದ ಪ್ರಿಂಟನ್ನೇ ಮತ್ತೆ ತೊಳೆಯುವರು, ಒರೆಸಿದ ಮಸೂರವನ್ನೇ ಒರೆಸುವರು. ಮೇಲಿನಿಂದ ನರಳುವ ಸದ್ದು ಬಂದರೆ ನಲ್ಲಿ ಜೋರಾಗಿ ಬಿಡುವರು.

ಆಕೆ ಹೋದದ್ದು ಒಂದು ಬೆಳಿಗ್ಗೆ. ಮೇಷ್ಟ್ರು ಹೊಸ ಜೋಡಿಯೊಂದನ್ನು ಕೂರಿಸಿಕೊಂಡು, "ಇಬ್ಬರೂ ತಲೆ ಹತ್ತಿರ ತನ್ನಿ. ಇಷ್ಟು ಬೇಗ ಮುನಿಸಾ?" ಎಂದು ನಗಿಸುತ್ತಿದ್ದರು. ಹಿರಿಮಗಳು ಮೆಟ್ಟಿಲ ಮೇಲೆ ಬಂದು ನಿಂತಳು. ಕರೆಯಲಿಲ್ಲ. ಕೈಯಲ್ಲಿ ಒದ್ದೆ ಬಟ್ಟೆ ಇತ್ತು, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಷ್ಟ್ರು ಕಪ್ಪು ಬಟ್ಟೆಯಿಂದ ತಲೆ ಎತ್ತಿ ಅವಳನ್ನು ನೋಡಿದರು. ಜೋಡಿಗೆ, "ನೀವು ನಾಳೆ ಬನ್ನಿ" ಎಂದರು. ಅವರು ಮೇಲೆ ಹೋಗುವಷ್ಟರಲ್ಲಿ ಹಿರಿಮಗಳು ಮುಖಕ್ಕೆ ಶುಭ್ರವಾದ ಬಟ್ಟೆ ಸುತ್ತಿ, ಗಾಯವೆಲ್ಲ ಮುಚ್ಚಿಬಿಟ್ಟಿದ್ದಳು. "ಬಿಚ್ಚಲಾ ಅಪ್ಪಾ?" ಎಂದು ಕೇಳಿದಳು. ಅವರು ಬೇಡವೆಂದು ತಲೆಯಾಡಿಸಿದರು.

ಮುಂಗೋಣೆಯ ಗೋಡೆಗೆ ಯಾವ ಫೋಟೋ ಹಾಕುವುದೆಂಬ ಬಗ್ಗೆ ಚರ್ಚೆಯೇ ಆಗಲಿಲ್ಲ. ಗಾಜಿನ ಬೀರುವಿನಲ್ಲಿದ್ದದ್ದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದರು. ಬಂದವರೆಲ್ಲ ಅದರ ಮುಂದೆ ನಿಂತು, "ಎಂಥಾ ಕಳೆ!" ಎಂದು ಕಣ್ಣೊರೆಸಿಕೊಂಡರು. ಗುಬ್ಬಿ ಮಾತ್ರ ದಿನವೂ ಅಜ್ಜಿಯನ್ನು ಕೇಳುತ್ತಿದ್ದಳು. ಮಲಗುವಾಗ ಅಮ್ಮನ ಕೆನ್ನೆಗೆ ಮುಷ್ಟಿ ಒತ್ತಿ, ಅದು ಒಳಗೆ ಹೋಗದೆ, ಸಿಟ್ಟಿಗೆದ್ದು ಅಳುತ್ತಿದ್ದಳು.

ಒಂದು ಮಧ್ಯಾಹ್ನ ಮೇಷ್ಟ್ರು ಅವಳನ್ನು ಎತ್ತಿಕೊಂಡು ಫೋಟೋದ ಮುಂದೆ ನಿಲ್ಲಿಸಿದರು. "ಅಜ್ಜಿ ನೋಡು ಇಲ್ಲಿದ್ದಾಳೆ."

"ಇದು ಅಜ್ಜಿ ಅಲ್ಲ."

"ಅಜ್ಜೀನೇ ಪುಟ್ಟಾ. ಚಿಕ್ಕೋಳಿದ್ದಾಗ."

"ಅಲ್ಲ. ಇದು ಯಾರೋ ಮಾಮಿ."

ಅವರು ಒಳಗೆ ಹೋಗಿ, ದಿಂಬಿನ ಪಕ್ಕದಲ್ಲಿ ಇದ್ದ ಆ ಇನ್ನೊಂದು ಫೋಟೋ ಹುಡುಕಿ ತಂದರು. ಗುಬ್ಬಿ ಅದನ್ನೂ ನೋಡಿ ತಲೆಯಾಡಿಸಿದಳು. ಮದುವೆಯ ಗುಂಪಿನ ಫೋಟೋ ತಂದರು. ಅದರಲ್ಲಿ ಅವಳು ಆಗಲೇ ಹುಡುಕಿ ಸೋತಿದ್ದಳು. "ನಮ್ಮಜ್ಜಿ ಫೋಟೋ ಇಲ್ವಾ ತಾತಾ?" ಎಂದಳು. "ನೀನು ಎಲ್ಲರದ್ದೂ ತೆಗೀತೀಯಲ್ಲ?"

ಮೇಷ್ಟ್ರು ಮಗುವನ್ನು ಕೆಳಗಿಳಿಸಿದರು. ಆ ಮಧ್ಯಾಹ್ನ ಸ್ಟುಡಿಯೋದ ಬಾಗಿಲು ಹಾಕಿಕೊಂಡು, ಮಕ್ಕಳು ಹುಟ್ಟಿದಾಗ ನೇರವಾಗಿ ಕೂರಿಸಿ ತೆಗೆದಿದ್ದ ಹೆಂಡತಿಯ ಫೋಟೋವನ್ನು ಮೇಜಿನ ಮೇಲಿಟ್ಟು ಸಣ್ಣ ಕುಂಚ ಕೈಗೆತ್ತಿಕೊಂಡರು. ಜೀವಮಾನವಿಡೀ ಜನರ ಮುಖದ ಗುಳಿ ತುಂಬಿದ ಕೈ ಅದು. ಗುಳಿಯೊಂದನ್ನು ತೋಡುವುದು ಕಷ್ಟವೇನಲ್ಲ ಎಂದುಕೊಂಡರು. ಎಡಗೆನ್ನೆಯ ಮೇಲೆ ತೆಳುವಾಗಿ ನೆರಳು ಹಚ್ಚಿದರು. ಅಲ್ಲಿಗೆ ಕುಂಚ ನಿಂತಿತು. ತಗ್ಗು ಕಿವಿಯ ಹತ್ತಿರದಿಂದ ಶುರುವಾಗುತ್ತಿತ್ತೋ, ಇನ್ನೂ ಕೆಳಗಿನಿಂದಲೋ? ಹೊಲಿಗೆಯ ಗೀರು ಗದ್ದದ ಮೇಲಿತ್ತೋ, ಅಡಿಗೆ ಹೋಗುತ್ತಿತ್ತೋ? ತುಟಿ ಎಷ್ಟು ಜಗ್ಗಿತ್ತು? ಕಣ್ಣೂ ಇಳಿದಿತ್ತಾ? ಅವರು ಕಣ್ಣು ಮುಚ್ಚಿ ಕೂತರು. ಬಲಗೆನ್ನೆ ಬಂತು. ಎಷ್ಟು ಸಲ ಮುಚ್ಚಿದರೂ ಬಲಗೆನ್ನೆಯೇ ಬಂತು.

ಮೇಲೆ ಹಿರಿಮಗಳು ಸೊಪ್ಪು ಬಿಡಿಸುತ್ತಿದ್ದಳು. ಕಿರಿಮಗಳು ಗಂಡನ ಮನೆಯಿಂದ ಬಂದು ಜೊತೆಗೆ ಕೂತಿದ್ದಳು. ಮೇಷ್ಟ್ರು ಬಣ್ಣ ಒಣಗದ ಫೋಟೋ ಹಿಡಿದುಕೊಂಡು ಬಂದು, "ಆ ಹೊಲಿಗೆ ಎಲ್ಲಿಗೆ ಮುಗೀತಿತ್ತು?" ಎಂದು ಕೇಳಿದರು.

ಕಿರಿಮಗಳು ಫೋಟೋ ನೋಡಿ ಹೌಹಾರಿದಳು. "ಅಪ್ಪಾ! ಏನು ಮಾಡ್ತಿದ್ದೀಯ? ಅಷ್ಟು ಚೆನ್ನಾಗಿರೋ ಫೋಟೋನ!"

"ಗುಬ್ಬಿಗೆ ಗುರುತು ಸಿಗ್ತಿಲ್ಲ."

"ಅವಳಿಗೇನು, ಇನ್ನೆರಡು ತಿಂಗಳಿಗೆ ಮರೀತಾಳೆ. ಅಮ್ಮನ್ನ ಹಾಗೆ ಗೋಡೆಗೆ ಹಾಕ್ತೀಯಾ? ಬಂದೋರೆಲ್ಲ ನೋಡೋ ಹಾಗೆ? ನಾನಂತೂ ಈ ಮನೆಗೆ ಕಾಲಿಡಲ್ಲ."

ಹಿರಿಮಗಳು ತಲೆ ಎತ್ತಲಿಲ್ಲ. ಸೊಪ್ಪಿನ ದಂಟು ಮುರಿಯುತ್ತಲೇ, "ಈಗ ಬೇಕಾಯ್ತಾ?" ಎಂದಳು. "ಎದುರಿಗಿದ್ದಾಗ ಬೇಡವಾಗಿತ್ತು. ಕುರ್ಚೀಲಿ ಬಂದು ಕೂತಾಗ ಬೇಡವಾಗಿತ್ತು. ಕೊನೇ ದಿನ ಬಿಚ್ಚಿ ತೋರಿಸಲಾ ಅಂತ ಕೇಳಿದೆ, ಆಗಲೂ ಬೇಡವಾಗಿತ್ತು."

"ಹೌದಮ್ಮಾ" ಎಂದರು ಮೇಷ್ಟ್ರು. "ನಾನು ನೋಡ್ಲಿಲ್ಲ."

ಅಷ್ಟು ನೇರವಾಗಿ ಅವರು ಒಪ್ಪಿಕೊಂಡಾರೆಂದು ಅವಳು ಎಣಿಸಿರಲಿಲ್ಲ. ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು ಅಪ್ಪನನ್ನು ನೋಡಿದಳು. ಕೈ ಒರೆಸಿಕೊಳ್ಳದೆಯೇ, ಒದ್ದೆ ಬೆರಳಿನಿಂದ ತನ್ನ ಎಡಗಿವಿಯ ಕೆಳಗಿನಿಂದ ದವಡೆಯಂಚಿನಲ್ಲಿ ಗೆರೆ ಎಳೆದು, ಗದ್ದದ ಅಡಿಗೆ ತಂದು ನಿಲ್ಲಿಸಿದಳು. "ಇಲ್ಲಿಗೆ. ಇಲ್ಲೊಂದು ಗಂಟಿನ ಹಾಗೆ ಇತ್ತು. ಮುಟ್ಟಿದ್ರೆ ಮೆತ್ತಗಿರ್ತಿತ್ತು. ಒಂದು ಸಲ ಮುಟ್ಟಿದ್ರೂ ಸಾಕಿತ್ತು ಅಪ್ಪಾ, ನಿನ್ನ ಕೈಗಾದ್ರೂ ನೆನಪಿರ್ತಿತ್ತು."

ಹೇಳುತ್ತಾ ಹೇಳುತ್ತಾ ಅವಳಿಗೆ ಅಳು ಬಂತು. ಮೇಷ್ಟ್ರು ಮಗಳ ಕೆನ್ನೆಯ ಮೇಲಿನ ನೀರಿನ ಗೆರೆ ಆರುವ ತನಕ ಅದನ್ನೇ ನೋಡುತ್ತಾ ನಿಂತಿದ್ದರು.

ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಮೇಷ್ಟ್ರು ಆ ಕೆಲಸಕ್ಕೆ ಕೂರುವರು. ಪ್ರಿಂಟು ಹಾಳಾದರೆ ಇನ್ನೊಂದು ಹಾಕುವರು. ಗುಬ್ಬಿ ಬಂದು ಸ್ಟೂಲಿನ ಮೇಲೆ ಮಂಡಿಯೂರಿ ನೋಡುವಳು.

"ಅಜ್ಜಿನಾ?" ಎಂದು ಮೇಷ್ಟ್ರು ಕೇಳುವರು.

"ಅಲ್ಲ. ಇಲ್ಲಿ ಇನ್ನೂ ಗುಂಡಿ."

ಇನ್ನೂ ಗುಂಡಿ ಮಾಡುವರು. "ಈಗ?"

"ಬಾಯಿ ಹೀಗಿರ್ಲಿಲ್ಲ." ತನ್ನ ತುಟಿಯನ್ನೇ ಬೆರಳಿನಿಂದ ಜಗ್ಗಿ ತೋರಿಸುವಳು. ಅವರು ಹಾಗೇ ಬರೆಯುವರು. ಕೆಲವು ದಿನ ಅವಳು ಬಹಳ ಹೊತ್ತು ನೋಡಿ, ಇನ್ನೇನು ಹೌದು ಎನ್ನುವ ಹಾಗೆ ಬಾಯಿ ತೆರೆದು, ಮತ್ತೆ ಅಲ್ಲವೆಂದು ತಲೆಯಾಡಿಸುತ್ತಿದ್ದಳು. ಗಿರಾಕಿಗಳು ಬಾಗಿಲು ತಟ್ಟಿ ವಾಪಸು ಹೋಗುತ್ತಿದ್ದರು. ಮೇಷ್ಟ್ರ ಅಕ್ಕ ಬಂದು, "ನೀನು ಮೊದಲು ಹೊಟ್ಟೆಗೆ ಸರಿಯಾಗಿ ತಿನ್ನು" ಎಂದು ಬೈದು, ಚಿತ್ರವನ್ನು ನೋಡಿ, ಮಾತು ಮುಂದುವರಿಸದೆ ಹೋದಳು.

ಅಷ್ಟರಲ್ಲಿ ಹಿರಿಮಗಳ ಗಂಡನಿಗೆ ಬಂದರಿನಲ್ಲೇ ಕೆಲಸ ಸಿಕ್ಕಿತು. ಹೆಂಡತಿ ಮಗಳನ್ನು ಕರೆದೊಯ್ಯಲು ಅವನೇ ಬಂದ. ಮನೆಯಲ್ಲಿ ಪೆಟ್ಟಿಗೆ ಕಟ್ಟುವ ಗಡಿಬಿಡಿ. "ಅಪ್ಪಾ, ನೀನೂ ಬಂದ್ಬಿಡು ನಮ್ಮ ಜೊತೆ" ಎಂದು ಹಿರಿಮಗಳು ಎಷ್ಟು ಹೇಳಿದರೂ ಮೇಷ್ಟ್ರು, "ಕೆಲಸ ಅರ್ಧಕ್ಕೆ ನಿಂತಿದೆ" ಎಂದರು. ಯಾವ ಕೆಲಸವೆಂದು ಅವಳು ಕೇಳಲಿಲ್ಲ.

ಹೊರಡುವ ದಿನ ಗುಬ್ಬಿ ಹೊಸ ಬೂಟು ಹಾಕಿಕೊಂಡು ಟಕಟಕ ಸದ್ದು ಮಾಡುತ್ತಾ ಸ್ಟುಡಿಯೋ ತುಂಬ ಓಡಾಡುತ್ತಿದ್ದಳು. ಅಪ್ಪ ಹಡಗು ತೋರಿಸುತ್ತೇನೆ ಎಂದಿದ್ದ. ಮೇಷ್ಟ್ರು ಅವಳನ್ನು ಕರೆದು, ಆ ವಾರವೆಲ್ಲ ಕೂತು ಮಾಡಿದ್ದ ಚಿತ್ರವನ್ನು ಮುಂದೆ ಹಿಡಿದರು.

"ನೋಡು ಪುಟ್ಟಾ. ಈಗ ಅಜ್ಜಿನಾ?"

ಗುಬ್ಬಿ ಒಂದು ಸಲ ಕಣ್ಣು ಹಾಯಿಸಿದಳು. "ಹೂಂ."

ಮೇಷ್ಟ್ರು ಚಿತ್ರವನ್ನು ಇನ್ನೂ ಹತ್ತಿರ ಹಿಡಿದರು. "ಸರಿಯಾಗಿ ನೋಡು. ಗುಂಡಿ ಸಾಕಾ? ಬಾಯಿ ಸರಿ ಇದೆಯಾ?"

"ಸರಿ ಇದೆ."

"ಹೊಲಿಗೆ?"

"ಯಾವ ಹೊಲಿಗೆ?" ಎಂದಳು ಗುಬ್ಬಿ. ಅವಳ ಕಣ್ಣು ಬಾಗಿಲ ಕಡೆಗಿತ್ತು. ಹೊರಗೆ ಪೆಟ್ಟಿಗೆಗಳನ್ನು ಗಾಡಿಗೆ ಏರಿಸುತ್ತಿದ್ದರು.

ಮೇಷ್ಟ್ರು ಚಿತ್ರ ಹಿಡಿದ ಕೈ ಇಳಿಸಲಿಲ್ಲ. "ಅಜ್ಜಿ ಮುಖ ಹೇಗಿತ್ತು ಹೇಳು, ಕೇಳೋಣ."

ಮಗು ಯೋಚಿಸಿತು. ಹುಬ್ಬು ಗಂಟು ಹಾಕಿ, ನಿಜವಾಗಿಯೂ ಯೋಚಿಸಿತು. ಆಮೇಲೆ ತಾತನ ಕೈಯಲ್ಲಿದ್ದ ಚಿತ್ರಕ್ಕೆ ಬೆರಳಿಟ್ಟು, "ಹೀಗೇ" ಎಂದಿತು. ಅಮ್ಮ ಕರೆದಳು. ಬೂಟಿನ ಸದ್ದು ಬಾಗಿಲು ದಾಟಿ ಬೀದಿಗೆ ಇಳಿಯಿತು.